ಶಂಕುಹುಳು ಅಂದರೆ ಯಾವ ಹುಳು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿಕೊಡಿ.

ಮಕ್ಕಳಿಗೆಂದು ಕಡಲಿನ ಜೀವಿಗಳ ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲಿ ಕೋನಸ್ ಜಿಯಾಗ್ರಫಸ್ ಬರುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಇರುವ ಬಸವನಹುಳು. ಸುಮಾರು ಆರು ಇಂಚಿನವರೆಗೆ ಬೆಳೆಯುವ ಚಿಪ್ಪು, ಮೇಲೆಲ್ಲ ಭೂಪಟದ ಹಾಗೆ ಕಂದು ಮಚ್ಚೆ. ಅದಕ್ಕೇ 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಆ ಹೆಸರಿಟ್ಟ. ಇಂಗ್ಲಿಷಿನಲ್ಲಿ ಜಿಯಾಗ್ರಫಿ ಕೋನ್. ಕೋನ್ ಅಂದರೆ ನಮ್ಮ ಗಣಿತದ ಪುಸ್ತಕದ ಶಂಕು ತಾನೇ? ಧೈರ್ಯವಾಗಿ 'ಶಂಕುಹುಳು' ಎಂದು ಬರೆದೆ.

ಮಲೆನಾಡಿನಲ್ಲಿರುವ ಅತ್ತಿಗೆಗೆ ಓದಲು ಕೊಟ್ಟರೆ, "ಇದು ನಮ್ಮ ಅಡಿಕೆ ತೋಟಕ್ಕೆ ಬರೋದೇ ಅಲ್ವಾ? ಉಪ್ಪು ಹಾಕಿದ್ರೆ ಸಾಯುತ್ತೆ" ಅಂದರು! ತಪ್ಪು ಅವರದಲ್ಲ. ಮಳೆಗಾಲದಲ್ಲಿ ತೋಟಕ್ಕೆ ಬರುವ ಬಸವನಹುಳುವಿಗೆ ಶಂಖದ ಹುಳು ಅನ್ನುತ್ತಾರೆ. ಅದೇ ಬಾಯಲ್ಲಿ ಸವೆದು ಶಂಕುಹುಳು ಆಗಿದೆ. ತಮಿಳಿನಲ್ಲಂತೂ ಶಂಖಕ್ಕೇ ಸಂಗು.

ಹಾಗಾದರೆ 'ವಿಷಶಂಖ' ಅನ್ನೋಣವೇ? ನನಗೆ ಎರಡು ತಕರಾರು. ಶಂಖ ಅಂದ ಕೂಡಲೇ ನಮಗೆ ನೆನಪಾಗುವುದು ತೀರ್ಥ. ಇನ್ನೊಂದು, ಶಂಖ, ಕವಡೆ ಎಲ್ಲ ನಮ್ಮಲ್ಲಿ ಚಿಪ್ಪಿನ ಹೆಸರು, ಜೀವಿಯದಲ್ಲ. ಒಳಗಿರುವುದನ್ನು ಹೇಳಬೇಕಾದರೆ 'ಹುಳು' ಸೇರಿಸಲೇಬೇಕು. ದಡದಲ್ಲಿ ಚಂದದ ಶಂಖ ಕಂಡರೆ ಸುಮ್ನೆ ಎತ್ತಿಕೊಳ್ಳುತ್ತೇವೆ. ಈ ಜೀವಿಯ ವಿಷಯದಲ್ಲಿ ಅದೇ ಅಪಾಯ. ಕೋನ್ ಜಾತಿಯ ಹುಳುಗಳಿಂದ ಸತ್ತವರಲ್ಲಿ ಹೆಚ್ಚಿನವರು ಇದು ಕುಟುಕಿ ಸತ್ತವರು. ಈ ವಿಷಕ್ಕೆ ಪ್ರತಿವಿಷ ಇಲ್ಲ.

'ಕುಟುಕಿ' ಎಂದು ಬರೆದೆ, ಅದೂ ಒಂದು ಪ್ರಶ್ನೆಯೇ. ಹಾವು ಕಚ್ಚುತ್ತದೆ, ಚೇಳು ಕುಟುಕುತ್ತದೆ. ಇದು ಚುಚ್ಚುವುದು ಹಲ್ಲಿನಿಂದ. ಆದರೆ ಆ ಹಲ್ಲು ನಾವು ತಿಳಿದಂಥದ್ದಲ್ಲ. ಒಳಗೆ ಟೊಳ್ಳು, ತುದಿಗೆ ಗಾಳದಂತೆ ಕೊಕ್ಕೆ, ತುಂಬ ವಿಷ. ಒಂದು ಹಲ್ಲು ಒಂದೇ ಸಲಕ್ಕೆ. ಮುಂದಿನ ಬೇಟೆಗೆ ಒಳಗಿನ ಹಲ್ಲಿನ ಚೀಲದಿಂದ ಇನ್ನೊಂದು ಬರಬೇಕು. ಬೇಟೆಯಾದರೋ ಮೀನು! ನೀರಿಗೆ ಇನ್ಸುಲಿನ್ ಬಿಟ್ಟು ಮೀನಿನ ಮೈಯ ಸಕ್ಕರೆ ಇಳಿಸಿ ಮಂಕು ಹಿಡಿಸುತ್ತದೆ. ಆಮೇಲೆ ಬಾಯನ್ನು ಬೀಸುಬಲೆಯಂತೆ ಅಗಲಿಸಿ ಒಳಗೆ ಎಳೆದುಕೊಂಡು, ಅಲ್ಲಿ ಚುಚ್ಚುತ್ತದೆ. ಇದಕ್ಕೆ 'ಕಚ್ಚು' ಒಗ್ಗುವುದಿಲ್ಲ, ನನ್ನ ಮತ 'ಕುಟುಕು'ವಿಗೇ. 'ವಿಷಕಾರಿ' ಎಂಬುದನ್ನೂ ಬಿಟ್ಟಿದ್ದೇನೆ. ಅದನ್ನು ಓದಿದವರಿಗೆ ತಿಂದರೆ ಕೆಡುಕು ಅನ್ನಿಸುತ್ತದೆ. 'ವಿಷದ ಹಾವು' ಅನ್ನುವಂತೆ 'ವಿಷದ ಹುಳು' ಸಾಕಲ್ವಾ?

ಇಷ್ಟೆಲ್ಲ ಆದಮೇಲೆ ನಿಘಂಟಿನಲ್ಲಿ ಶಂಕು ಹುಡುಕಿದೆ. ಸಂಸ್ಕೃತದಲ್ಲಿ ಅದಕ್ಕೆ ಗೂಟ, ಮೊಳೆ ಎಂಬ ಅರ್ಥಗಳಿವೆ. ಶಂಕುಸ್ಥಾಪನೆಯ ಶಂಕು ಅದೇ. ಜೊತೆಗೆ ಈಟಿ, ಬಾಣ ಎಂಬ ಅರ್ಥವೂ ಇದೆ! ಚಿಪ್ಪಿನ ಆಕಾರವೂ ಶಂಕು, ಬಾಯೊಳಗಿನ ಆಯುಧವೂ ಶಂಕು. ಇಷ್ಟು ಹೊಂದುವ ಪದವನ್ನು ತೋಟದ ಹುಳುವಿಗೆ ಬಿಟ್ಟುಕೊಡಲು ಮನಸ್ಸೇ ಬರುತ್ತಿಲ್ಲ. 'ಕಡಲ ಶಂಕುಹುಳು' ಎಂದು ಮುಂದೆ ಒಂದು ಪದ ಸೇರಿಸಿದರೆ ಗೊಂದಲ ತಪ್ಪೀತೇ? ಅಥವಾ 'ಈಟಿಹುಳು' ಎಂದೇ ಬರೆಯಲೇ? ಮಕ್ಕಳಿಗೆ ಅದು ಹೆಚ್ಚು ಇಷ್ಟವಾದೀತು, ಆದರೆ ಚಿಪ್ಪಿನ ಆಕಾರ ಕೈಬಿಡುತ್ತದೆ.

ಕಾರವಾರ, ಭಟ್ಕಳ, ಮಲ್ಪೆ ಕಡೆಯವರಲ್ಲಿ ಬೇರೆಯಾಗಿ ಕೇಳುತ್ತೇನೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು, ಉದ್ದಕ್ಕೆ ಸೀಳಿದಂಥ ಬಾಯಿ ಇರುವ ಚಿಪ್ಪು ಬಲೆಗೆ ಬಂದರೆ ನಿಮ್ಮಲ್ಲಿ ಏನನ್ನುತ್ತಾರೆ? ಕೊಂಕಣಿ, ತುಳು ಹೆಸರಾದರೂ ಸರಿ. ಹಾಗೊಂದು ಹೆಸರು ಸಿಕ್ಕಿದರೆ ನನ್ನ ಶಂಕು, ಈಟಿ ಎರಡನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.