ಕೆಜಿಎಫ್ ಬೆಮೆಲ್ ಚಿನ್ನದ ಗಣಿಯವರದ್ದಾ?

ಬಂಗಾರಪೇಟೆಯವನು:
ನಮ್ಮ ಮಾವ ಬೆಮೆಲ್ ಅಂದರೆ ಗಣಿಯವರೇ ಕಟ್ಟಿದ ಕಾರ್ಖಾನೆ ಅಂತ ವಾದ ಮಾಡುತ್ತಾರೆ. ನಿಜಾನಾ? ಅಲ್ಲಿ ಕ್ರೇನ್ ಕೂಡ ಮಾಡುತ್ತಾರಾ?

ಬೆಮೆಲ್ ನಗರದ ಹಳಬ:
ಇಲ್ಲಪ್ಪ, ಎರಡೂ ಬೇರೆ ಬೇರೆ. ಬೆಮೆಲ್ ಶುರುವಾಗಿದ್ದು 1964ರಲ್ಲಿ, ರಕ್ಷಣಾ ಇಲಾಖೆಯ ಕೆಳಗೆ, ಆಗ ಹೆಸರು ಭಾರತ್ ಅರ್ತ್ ಮೂವರ್ಸ್. ರೈಲು ಬೋಗಿ ಬೆಂಗಳೂರಲ್ಲಿ, ಡಂಪರ್ ಮೈಸೂರಲ್ಲಿ, ನಮ್ಮ ಕೆಜಿಎಫ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್. ಮೊದಮೊದಲು ಡೋಜರ್‌ಗೆ ಜಪಾನಿನ ಕೊಮಾಟ್ಸು ತಂತ್ರಜ್ಞಾನ ಇತ್ತು. ಗಣಿ 2001ರಲ್ಲಿ ಮುಚ್ಚಿತು, ಕಾರ್ಖಾನೆ ನಿಲ್ಲಲಿಲ್ಲ. ಮಾವನಿಗೆ ಇದೊಂದೇ ಸಾಕು ಅಲ್ವಾ?

ವೆಲ್ಡರ್ ಅಣ್ಣ:
ಕ್ರೇನ್ ಬಗ್ಗೆ ನಾನು ಹೇಳುತ್ತೇನೆ. ಬೆಮೆಲ್‌ನವರ ಪೈಪ್‌ಲೇಯರ್, ಅಂದರೆ ದೊಡ್ಡ ಪೈಪ್ ಎತ್ತಿ ಇಳಿಸುವ ಗಾಡಿ, ನೋಡಿದ್ದೀಯಾ? ಡೋಜರ್ ತರಹದ್ದೇ ಗಾಡಿ, ಮುಂದೆ ಬ್ಲೇಡ್ ಬದಲು ಒಂದು ಪಕ್ಕಕ್ಕೆ ಚಾಚಿದ ಬೂಮ್ (ಎತ್ತುವ ತೋಳು), ಇನ್ನೊಂದು ಪಕ್ಕ ಕೌಂಟರ್‌ವೇಟ್ (ಸಮತೋಲನಕ್ಕೆ ಇಡುವ ಭಾರ), ಇಲ್ಲದಿದ್ದರೆ ಪೈಪ್ ಎತ್ತಿದ ಕೂಡಲೇ ಗಾಡಿಯೇ ಮಗುಚಿಕೊಳ್ಳುತ್ತದೆ. ಕೆಟ್ಟ ಟ್ಯಾಂಕ್ ಎಳೆಯುವ ಸೇನೆಯ ರಿಕವರಿ ಗಾಡಿಯಲ್ಲೂ ಕ್ರೇನ್ ಇದೆ, ಎಂಜಿನ್ ಎತ್ತಿ ಹೊರಗೆ ತೆಗೆಯೋಕೆ. ಸುಮ್ನೆ ಕೊಕ್ಕೆ ಹಾಕಿದರೆ ಕ್ರೇನ್ ಆಗಲ್ಲ, ತೂಕದ ಲೆಕ್ಕವೇ ಜಾಸ್ತಿ.

ಬಂಗಾರಪೇಟೆಯವನು:
ಥ್ಯಾಂಕ್ಸ್ ಅಣ್ಣ. ಮಾವನಿಗೆ ತೋರಿಸಿದೆ. "ಊರು ಒಂದೇ ಅಲ್ವೇನೋ" ಅಂದರು!