ಅಪ್‌ಡೇಟ್: ಮಾಂಟಿಪೋರಾ ಬೋಳಾಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ನನ್ನ ರೀಫ್ ಟ್ಯಾಂಕಿನ (ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಮಾಂಟಿಪೋರಾ ಹವಳದ ಮಾಂಸ ಅಂಚಿನಿಂದ ಕರಗುತ್ತಾ ಬಂದು ಬಿಳಿ ಅಸ್ಥಿ ಕಾಣುತ್ತಿತ್ತು. ಪಕ್ಕದ ಅಕ್ರೋಪೋರಾ ಅನ್ನೋ ಇನ್ನೊಂದು ಜಾತಿಯ ಹವಳಕ್ಕೆ ಮಾತ್ರ ಏನೂ ಆಗಿರಲಿಲ್ಲ. ನೀರಿನ ಆಲ್ಕಲಿನಿಟಿ (ಆಮ್ಲ ತಡೆಯುವ ಶಕ್ತಿ) 8.2 ಡಿಕೆಎಚ್, ಕ್ಯಾಲ್ಸಿಯಂ 430 ಪಿಪಿಎಂ, ಉಪ್ಪಿನಂಶ 35 ಪಿಪಿಟಿ. ಎಲ್ಲ ಸರಿಯಾಗಿಯೇ ಇತ್ತು. ಆದರೂ ಸುಮ್ನೆ ನೀರು ಬದಲಿಸುತ್ತಾ ಕೂತಿದ್ದೆ.

‘ನೀರಿನ ಟೆಸ್ಟ್ ಸಾಕು ಮಾಡಿ, ರಾತ್ರಿ ಟಾರ್ಚ್ ಹಿಡಿದು ನೋಡಿ’ ಅಂತ ಒಬ್ಬರು ಹೇಳಿದ್ದಿರಿ. ಮೊದಲ ರಾತ್ರಿ ಏನೂ ಕಾಣಲಿಲ್ಲ. ಎರಡನೇ ರಾತ್ರಿ ಹವಳವನ್ನೇ ಎತ್ತಿ ಮಗುಚಿದೆ. ತಳದಲ್ಲಿ, ಸತ್ತ ಭಾಗ ಜೀವ ಇರುವ ಭಾಗಕ್ಕೆ ತಾಗುವ ಗೆರೆಯಲ್ಲೇ, ಅಕ್ಕಿಕಾಳಿಗಿಂತ ಸಣ್ಣ ಬಿಳಿ ಹುಳಗಳು. ಬೆನ್ನ ತುಂಬ ಕುಚ್ಚು. ನ್ಯೂಡಿಬ್ರಾಂಕ್! ಅಂದ್ರೆ ಚಿಪ್ಪಿಲ್ಲದ ಕಡಲ ಬಸವನಹುಳು. ಬಿಳಿ ಅಸ್ಥಿಯ ಮೇಲೆ ಬಿಳಿ ಹುಳ, ಹೇಗೆ ಕಾಣಬೇಕು ಹೇಳಿ! ಈ ಜಾತಿ ತಿನ್ನುವುದು ಮಾಂಟಿಪೋರಾವನ್ನೇ. ಅದಕ್ಕೇ ಅಕ್ರೋಪೋರಾ ಬಚಾವ್.

ಅಯೋಡಿನ್ ಡಿಪ್ ಮಾಡಿ (ಅಂದ್ರೆ ಅಯೋಡಿನ್ ಬೆರೆಸಿದ ನೀರಿನಲ್ಲಿ ಹವಳವನ್ನು ಸ್ವಲ್ಪ ಹೊತ್ತು ಅದ್ದಿ), ಪಿಪೆಟ್‌ನಿಂದ ನೀರು ಊದಿದಾಗ ಹುಳ ಉದುರಿದವು. ಮೊಟ್ಟೆ ಮಾತ್ರ ಡಿಪ್‌ಗೆ ಜಗ್ಗುವುದಿಲ್ಲ. ಭೂತಕನ್ನಡಿಯಲ್ಲಿ ಹುಡುಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಈಗ ಮಾಂಟಿಪೋರಾ ಎಲ್ಲ ಬೇರೆ ಟ್ಯಾಂಕಿನಲ್ಲಿದೆ, ವಾರಕ್ಕೊಮ್ಮೆ ಡಿಪ್. ಮೂರನೇ ಸಲ ಒಂದೇ ಹುಳ ಸಿಕ್ಕಿತು. ಇನ್ನೂ ಕೆಲವು ವಾರ ಮುಂದುವರಿಸುತ್ತೇನೆ.

ತಪ್ಪು ನನ್ನದೇ. ಹೊಸದಾಗಿ ತಂದ ತುಂಡನ್ನು ಡಿಪ್ ಮಾಡದೆ ನೇರ ಟ್ಯಾಂಕಿಗೆ ಬಿಟ್ಟಿದ್ದೆ, ಸೋಮಾರಿತನ. ಹಸಿರು ಮಾಂಟಿಪೋರಾ ಉಳಿಯಲಿಲ್ಲ. ಕೆಂಪು ಮಾಂಟಿಪೋರಾದ ಅಂಚಿನಲ್ಲಿ ತೆಳ್ಳಗೆ ಹೊಸ ಮಾಂಸ ಬರುತ್ತಿದೆ.