ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಎರಡು ರೇಷ್ಮೆ ಸೀರೆ, ಒಂದು ಕೋಟು: ಯಾವ ಕಾಲದವು, ಎಲ್ಲಿಯವು?

ಮಂಡ್ಯದ_ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ಅಜ್ಜಿಯ ಮನೆಯನ್ನು ಖಾಲಿ ಮಾಡುತ್ತಿದ್ದೇವೆ. ಅಟ್ಟದಲ್ಲಿದ್ದ ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕ ಮೂರು ಬಟ್ಟೆಗಳ ಬಗ್ಗೆ ತಿಳಿದವರು ಹೇಳಬೇಕು.

ಮೊದಲನೆಯದು ನೇರಳೆ ಬಣ್ಣದ ಸೀರೆ. ತೆಳ್ಳಗಿದೆ, ಕೈಯಲ್ಲಿ ಹಿಡಿದರೆ ಜಾರುತ್ತದೆ. ಒಡಲು ಖಾಲಿ, ಎರಡು ಬೆರಳಗಲದ ಜರಿ ಅಂಚು. ಜರಿ ಈಗಲೂ ಹೊಳೆಯುತ್ತಿದೆ. ಇದು ಅಜ್ಜಿಯ ಮದುವೆಯ ಸೀರೆ, 1949ರದ್ದು, ಅರಮನೆಯಿಂದ ಬಂದದ್ದು ಎಂದು ದೊಡ್ಡಮ್ಮ ಹೇಳುತ್ತಾರೆ. ಮಡಿಕೆಯೊಳಗೆ ಒಂದು ಬಿಲ್ಲು ಇತ್ತು. ಅಂಗಡಿಯ ಹೆಸರು ಮತ್ತು ದಿನಾಂಕ ಇದ್ದ ಮೇಲ್ಭಾಗವನ್ನು ಹುಳು ತಿಂದಿದೆ. ಉಳಿದ ಭಾಗದಲ್ಲಿ ‘ಕ್ರೇಪ್ ಸೀರೆ 1, ನೇರಳೆ, 6 ಗಜ’ ಎಂದಿದೆ. ಹಣದ ಜಾಗದಲ್ಲಿ ‘ರೂ.’, ‘ನ.ಪೈ.’ ಎಂಬ ಎರಡು ಅಂಕಣಗಳಿವೆ.

ಎರಡನೆಯದು ಕುಂಕುಮ ಬಣ್ಣದ ಒಡಲು, ಹಸಿರು ಅಂಚಿನ ಸೀರೆ. ಬಹಳ ತೂಕ, ಬಹಳ ಉದ್ದ. ಜರಿ ಕಪ್ಪಾಗಿದೆ, ಮಡಿಕೆಯ ಗೆರೆಯಲ್ಲಿ ಸೀಳು ಬಿಟ್ಟಿದೆ. ಇದನ್ನು ಸುತ್ತಿಟ್ಟಿದ್ದ ಬಟ್ಟೆಯ ಚೀಲದ ಮೇಲೆ ತಮಿಳು ಅಕ್ಷರಗಳಿವೆ. ಹಾಗಾದರೆ ಕಂಚಿಯದೇ?

ಮೂರನೆಯದು ಅಜ್ಜನ ಕಪ್ಪು ಉದ್ದ ಕೋಟು, ಕ್ಲೋಸ್ ಕಾಲರಿನದು. ಒಳಜೇಬಿನ ಮೇಲೆ ಟೈಲರ್ ಅಂಗಡಿಯ ಪಟ್ಟಿ ಇದೆ, ಅದರಲ್ಲಿ ವಿಳಾಸ ‘ಮೈಸೂರು–4’ ಎಂದು ಮುಗಿಯುತ್ತದೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ‘ಹಳೆಯ ರೇಷ್ಮೆ ಸೀರೆ ಕೊಳ್ಳುತ್ತೇವೆ’ ಎಂದು ಬೀದಿಯಲ್ಲಿ ಕೂಗಿಕೊಂಡು ಬಂದವರಿಗೆ ಕುಂಕುಮ ಬಣ್ಣದ ಸೀರೆಯನ್ನು ಕೊಟ್ಟುಬಿಡೋಣ, ಹೇಗೂ ಹರಿದಿದೆ ಎನ್ನುತ್ತಿದ್ದಾರೆ ಚಿಕ್ಕಪ್ಪ. ನನಗೆ ಮನಸ್ಸು ಒಪ್ಪುತ್ತಿಲ್ಲ. ಬೇಗ ಉತ್ತರಿಸಿದರೆ ಉಪಕಾರವಾಗುತ್ತದೆ.

ಸರಸ್ವತಿಪುರಂ_ಓದುಗ:

ಒಂದು ಎಳೆ ತೆಗೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಿನಲ್ಲಿ ಪುಡಿಯಾದರೆ ಶುದ್ಧ ರೇಷ್ಮೆ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಕಾಗದದಂತೆ ಭಗ್ಗನೆ ಉರಿದರೆ ರೇಯಾನ್. ಜರಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದರೆ ಹೊಳಪು ಬರುತ್ತದೆ, ಆಗ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಎಳೆ_ತುಂಬುವವಳು:

ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಮ್ಮ. ಟೂತ್‌ಪೇಸ್ಟೂ ಬೇಡ. ಬೆಳ್ಳಿಯ ಮೇಲಿರುವ ಚಿನ್ನದ ಲೇಪ ಎಷ್ಟು ತೆಳುವೆಂದರೆ ಉಜ್ಜಿದ ಕೂಡಲೇ ಹೋಗುತ್ತದೆ. ಹುಳಿ ರೇಷ್ಮೆಗೆ ಇಳಿದು ಬಣ್ಣವನ್ನೂ ಕೆಡಿಸುತ್ತದೆ. ಸುಟ್ಟು ನೋಡುವುದರಿಂದ ನೂಲು ಯಾವುದೆಂದು ತಿಳಿಯಬಹುದೇ ಹೊರತು ವಯಸ್ಸು ತಿಳಿಯುವುದಿಲ್ಲ.

ನನ್ನ ತವರು ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ, ಮಗ್ಗದ ಮನೆ. ಈಗ ಮೈಸೂರಿನಲ್ಲಿ ಹಳೆಯ ರೇಷ್ಮೆ ಸೀರೆಗಳ ಹರಿದ ಜಾಗಕ್ಕೆ ಎಳೆ ತುಂಬಿ ಕೊಡುವ ಕೆಲಸ ಮಾಡುತ್ತೇನೆ. ನನ್ನ ಮುಂದೆ ಸೀರೆ ಬಿಚ್ಚುವ ಪ್ರತಿಯೊಬ್ಬರೂ ಮೊದಲು ಕಥೆ ಹೇಳುತ್ತಾರೆ. ಕಥೆ ನನಗೂ ಬೇಕು. ಆದರೆ ಟ್ರಂಕಿನಲ್ಲಿ ಸೀರೆಗಳು ಅದಲುಬದಲಾದಂತೆ ಬಾಯಿಂದ ಬಾಯಿಗೆ ಕಥೆಗಳೂ ಅದಲುಬದಲಾಗುತ್ತವೆ. ಅದಕ್ಕೇ ಬಟ್ಟೆ ಏನು ಹೇಳುತ್ತದೆ ಎಂದು ಮೊದಲು ನೋಡಬೇಕು. ಬಟ್ಟೆಯ ಮೇಲಿರುವ ಒಂದೊಂದು ಗುರುತೂ ‘ಇದಕ್ಕಿಂತ ಹಿಂದಿನದಲ್ಲ’ ಎಂದೋ ‘ಇದಕ್ಕಿಂತ ಈಚಿನದಲ್ಲ’ ಎಂದೋ ಒಂದು ಗಡಿ ಹಾಕುತ್ತದೆ. ಎರಡೂ ಕಡೆಯ ಗಡಿ ಸಿಕ್ಕರೆ ಕೆಲಸ ಆಯಿತು.

ನಿಮ್ಮ ಬಿಲ್ಲನ್ನೇ ತೆಗೆದುಕೊಳ್ಳಿ. ‘ನ.ಪೈ.’ ಎಂದರೆ ನಯಾ ಪೈಸೆ. ರೂಪಾಯಿಗೆ ಹದಿನಾರು ಆಣೆಯ ಲೆಕ್ಕ ಹೋಗಿ ನೂರು ನಯಾ ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. 1964ರ ಜೂನ್ 1ರಿಂದ ‘ನಯಾ’ ಬಿಟ್ಟು ಬರಿಯ ‘ಪೈಸೆ’ ಆಯಿತು. ಹಳೆಯ ಬಿಲ್ ಪುಸ್ತಕ ಮುಗಿಯುವವರೆಗೆ ಅಂಗಡಿಯವರು ಅದನ್ನೇ ಬಳಸಿರಬಹುದು, ಹಾಗಾಗಿ ಕೊನೆಯ ಗಡಿ ಒಂದೆರಡು ವರ್ಷ ಸಡಿಲ. ಮೊದಲ ಗಡಿ ಮಾತ್ರ ಗಟ್ಟಿ. 1949ರ ಮದುವೆಗೆ ನಯಾ ಪೈಸೆಯ ಬಿಲ್ಲು ಬರುವುದು ಸಾಧ್ಯವೇ ಇಲ್ಲ. ಇನ್ನು ‘6 ಗಜ’. ಮೆಟ್ರಿಕ್ ಅಳತೆ 1958ರಿಂದ ಹಂತ ಹಂತವಾಗಿ ಜಾರಿಯಾಗಿ 1962ರ ಹೊತ್ತಿಗೆ ವ್ಯಾಪಾರದಲ್ಲಿ ಕಡ್ಡಾಯವಾಯಿತು. ಬಾಯಿಮಾತಿನಲ್ಲಿ ಗಜ ಈಗಲೂ ಉಳಿದಿದೆ, ಆದರೆ ಬಿಲ್ಲಿನಲ್ಲಿ ಗಜ ಬರೆದಿದ್ದಾರೆಂದರೆ ನನ್ನ ಒಲವು 1962ರ ನಂತರಕ್ಕಿಂತ ಅದರ ಹಿಂದಕ್ಕೇ.

ಆ ಬಿಲ್ಲು ಈ ಸೀರೆಯದ್ದೇ ಎಂಬುದನ್ನು ಮಾತ್ರ ಖಚಿತ ಮಾಡಿಕೊಳ್ಳಬೇಕು. ಸೀರೆಯನ್ನು ಎಳೆಯದೆ ನೆಲದ ಮೇಲೆ ಹಾಸಿ ಅಳೆಯಿರಿ. ಆರು ಗಜವೆಂದರೆ 5.49 ಮೀಟರ್. ಆಮೇಲೆ ಭೂತಗನ್ನಡಿಯಲ್ಲಿ ಹೊಕ್ಕಿನ ಎಳೆಗಳನ್ನು, ಎಂದರೆ ಅಡ್ಡಕ್ಕೆ ಹಾಯುವ ಎಳೆಗಳನ್ನು, ನೋಡಿ. ಕ್ರೇಪ್ ಆದರೆ ಹೊಕ್ಕಿನ ನೂಲಿಗೆ ಬಿಗಿಯಾದ ಹುರಿ ಇರುತ್ತದೆ, ಕೆಲವು ಎಳೆ ಬಲಕ್ಕೆ, ಕೆಲವು ಎಡಕ್ಕೆ ಹುರಿಗೊಂಡಿರುತ್ತವೆ. ನೇಯ್ದ ಮೇಲೆ ಅಂಟು ತೆಗೆಯಲು ಕುದಿಸಿದಾಗ ಆ ಹುರಿಗಳು ಎರಡೂ ಕಡೆಗೆ ಎಳೆದು ಬಟ್ಟೆಯ ಮೈ ಸಣ್ಣಗೆ ಮರಳು ಮರಳಾಗುತ್ತದೆ. ಮೈಸೂರು ಸಿಲ್ಕ್ ಮುದುಡದೆ ಮೈಮೇಲೆ ಇಳಿಯುವುದು ಇದರಿಂದಲೇ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತಂದ ಮಗ್ಗಗಳಿಂದ ನಮ್ಮ ಮಾನಂದವಾಡಿ ರಸ್ತೆಯ ಕಾರ್ಖಾನೆಯ ಕಥೆ ಆರಂಭವಾಗುತ್ತದೆ. ಮೊದಮೊದಲು ಅಲ್ಲಿ ನೇಯುತ್ತಿದ್ದುದು ಅರಮನೆಯವರಿಗಾಗಿ. ನಿಮ್ಮ ದೊಡ್ಡಮ್ಮನವರ ‘ಅರಮನೆಯ ಸೀರೆ’ ಎಂಬ ಮಾತಿನ ಬೇರು ಅಲ್ಲಿರಬಹುದು. ಸ್ವಾತಂತ್ರ್ಯದ ನಂತರ ಕಾರ್ಖಾನೆ ಸರ್ಕಾರದ ಕೈಗೆ ಬಂದು, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಈಗಿನ ಸೀರೆಗಳಲ್ಲಿ ಒಂದೊಂದಕ್ಕೂ ಬೇರೆ ಸಂಕೇತ ಸಂಖ್ಯೆ ಇರುತ್ತದೆ. ನಿಮ್ಮದರಲ್ಲಿ ಅದನ್ನು ಹುಡುಕಬೇಡಿ, ಸಿಗದಿದ್ದರೆ ನಕಲಿ ಎಂದು ಹೆದರಲೂ ಬೇಡಿ.

ಕುಂಕುಮ ಬಣ್ಣದ ಸೀರೆಯೇ ನನ್ನ ಮನಸ್ಸನ್ನು ಹಿಡಿದಿರುವುದು. ಅಂಚು ಮತ್ತು ಒಡಲು ಸೇರುವ ಗೆರೆಯನ್ನು ಹಿಂಬದಿಯಿಂದ ನೋಡಿ. ಕುಂಕುಮದ ಹೊಕ್ಕು ಅಂಚಿನೊಳಗೆ ಹಾಯದೆ ಗೆರೆಯಲ್ಲೇ ಹಸಿರು ಎಳೆಯ ಕೊಕ್ಕೆಗೆ ಸಿಕ್ಕಿಕೊಂಡು ಹಿಂದಿರುಗಿದ್ದರೆ, ಅದು ಮೂರು ಲಾಳಿಯಿಂದ, ಒಂದು ಕಡೆ ಇನ್ನೊಬ್ಬರು ಕುಳಿತು ಲಾಳಿ ದಾಟಿಸಿ ನೇಯ್ದ ಕೈಮಗ್ಗದ ಸೀರೆ. ಕಂಚಿಯಲ್ಲಿ ಹಾಗೆ ನೇಯುತ್ತಾರೆ, ನಮ್ಮ ಕಡೆಯೂ ಬಲ್ಲವರಿದ್ದರು. ಜರಿ ಎಲ್ಲಾದರೂ ತಾನಾಗಿಯೇ ಕಿತ್ತಿದ್ದರೆ ಅದರ ತುದಿಯನ್ನು ನೋಡಿ. ಒಳಗೆ ಹಳದಿಯೋ ಕೆಂಪೋ ಬಣ್ಣದ ರೇಷ್ಮೆ ಎಳೆ, ಅದರ ಮೇಲೆ ಚಪ್ಪಟೆ ತಂತಿ ಸುತ್ತಿರುತ್ತದೆ. ಬೆಳ್ಳಿಯಾದರೆ ಬೂದುಗಪ್ಪು, ತಾಮ್ರವಾದರೆ ಕೆಂಗಪ್ಪು, ಕೆಲವು ಕಡೆ ಹಸಿರು. ಕಪ್ಪಾಗದೆ ಹಾಳೆಯಂತೆ ಸುಲಿಯುತ್ತಿದ್ದರೆ ಅದು ಈಚಿನ ಪ್ಲಾಸ್ಟಿಕ್ ಜರಿ. ಬೀದಿಯಲ್ಲಿ ಕೂಗುವವರಿಗೆ ನಿಮ್ಮ ಸೀರೆ ಬೇಕಿಲ್ಲ. ಅದನ್ನು ಸುಟ್ಟು ಬೂದಿಯಲ್ಲಿ ಉಳಿಯುವ ಬೆಳ್ಳಿ ಬೇಕು. ಅವರು ಆಸೆಪಟ್ಟು ಕೇಳುತ್ತಿದ್ದಾರೆ ಎಂದರೆ ಜರಿ ಅಸಲಿ ಎಂಬುದಕ್ಕೆ ಅದೂ ಒಂದು ಸುಳಿವು! ಚಿಕ್ಕಪ್ಪನವರಿಗೆ ನನ್ನ ಹೆಸರಿನಲ್ಲಿ ಹೇಳಿ, ಮಡಿಕೆಯ ಸೀಳು ರಿಪೇರಿ ಆಗುತ್ತದೆ. ಸುಟ್ಟದ್ದು ಆಗುವುದಿಲ್ಲ.

ತಮಿಳು ಅಕ್ಷರ ಕಂಡ ಮಾತ್ರಕ್ಕೆ ಕಂಚಿ ಎನ್ನಬೇಡಿ. ಚೀಲದ ಮೇಲೆ ಊರಿನ ಹೆಸರೇನಿದೆ ಎಂದು ತಮಿಳು ಬಲ್ಲವರಿಂದ ಓದಿಸಿ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲವೇ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು.

ಕಾಜ_ಗುಂಡಿ:

ಕೋಟಿನ ಬಗ್ಗೆ ನಾನು ಹೇಳುತ್ತೇನೆ. ತಂದೆಯವರ ಕಾಲದಿಂದ ಹೊಲಿಗೆ ನಮ್ಮ ಕಸುಬು.

ಮೇಡಂ, ‘ಮೈಸೂರು–4’ ಎಂಬುದು ಹಳೆಯ ಅಂಚೆ ವಲಯದ ಸಂಖ್ಯೆ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆದ್ದರಿಂದ ಪಟ್ಟಿ ಅದಕ್ಕಿಂತ ಹಿಂದೆ ಮಾಡಿಸಿದ್ದಿರಬೇಕು. ಆದರೆ ರೂಢಿ ಬೇಗ ಹೋಗುವುದಿಲ್ಲ, ಟೈಲರ್ ಒಮ್ಮೆ ನೂರಾರು ಪಟ್ಟಿ ಮಾಡಿಸಿ ವರ್ಷಗಟ್ಟಲೆ ಬಳಸುತ್ತಾನೆ. ಪಟ್ಟಿಯೊಂದನ್ನೇ ನಂಬಬೇಡಿ.

ಕಾಜಗಳನ್ನು ನೋಡಿ. ಕೈಕಾಜವಾದರೆ ಹೊಲಿಗೆ ಒತ್ತಾಗಿದ್ದರೂ ಅಳತೆ ಹೆಚ್ಚುಕಡಿಮೆ ಇರುತ್ತದೆ, ಹಿಂಬದಿಯಲ್ಲಿ ಗಂಟಿನ ಸಾಲು ಮುಂಬದಿಯಷ್ಟು ನೀಟಾಗಿರುವುದಿಲ್ಲ. ಎದೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಉಜ್ಜಿ: ಮೇಲಿನ ಬಟ್ಟೆ ಮತ್ತು ಒಳಗಿನ ಕ್ಯಾನ್ವಾಸ್ ಬೇರೆ ಬೇರೆಯಾಗಿ ಸರಿದರೆ ಅದು ಕೈಯಲ್ಲಿ ಟಾಕು ಹಾಕಿ ಕೂರಿಸಿದ್ದು. ಅಂಟಿಸುವ ಬಕ್ರಂ ಆದರೆ ಎರಡೂ ಒಂದಾಗಿರುತ್ತವೆ, ಹಳೆಯದಾದಾಗ ಗುಳ್ಳೆ ಏಳುತ್ತವೆ. ಅಸ್ತರು ಎಲ್ಲಾದರೂ ಬಿಟ್ಟಿದ್ದರೆ ಒಳಗಿನ ಹೊಲಿಗೆಯ ಮಡಿಕೆಯಲ್ಲಿ ಬಟ್ಟೆಯ ಕರೆಯನ್ನು, ಎಂದರೆ ನೇಯ್ಗೆಯ ಬದಿಯಂಚನ್ನು, ಹುಡುಕಿ. ಉಣ್ಣೆ ಬಟ್ಟೆಯ ಕರೆಯ ಮೇಲೆ ಗಿರಣಿಯ ಹೆಸರನ್ನು ನೇಯುವ ಪದ್ಧತಿ ಇತ್ತು. ಬೆಂಗಳೂರಿನ ಬಿನ್ನಿ ಗಿರಣಿಯ ಉಣ್ಣೆ ಬಟ್ಟೆಯಾಗಿರಬಹುದು, ಇಂಗ್ಲೆಂಡಿನದ್ದೂ ಆಗಿರಬಹುದು. ಕರೆ ಸಿಕ್ಕರೆ ಬಟ್ಟೆ ಎಲ್ಲಿಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೊಲಿಗೆಯ ದಾರದ ತುಣುಕನ್ನು ಮಾತ್ರ ಸುಟ್ಟು ನೋಡಬಹುದು. ಹತ್ತಿ ದಾರವಾದರೆ ಬೂದಿಯಾಗುತ್ತದೆ, ಕರಗಿದರೆ ಪಾಲಿಯೆಸ್ಟರ್. ಆದರೆ ಗುಂಡಿ ಮತ್ತು ಜೇಬಿನ ದಾರವನ್ನು ಆರಿಸಬೇಡಿ, ಅವನ್ನು ಆಮೇಲೆ ಯಾರಾದರೂ ಬದಲಾಯಿಸಿರುತ್ತಾರೆ. ಬೆನ್ನಿನ ನಡುಹೊಲಿಗೆಯಿಂದ ತೆಗೆಯಿರಿ.

ಮಂಡ್ಯದ_ಮೊಮ್ಮಗಳು:

ಎಲ್ಲರಿಗೂ, ಅದರಲ್ಲೂ ಎಳೆ ತುಂಬುವ ಅಮ್ಮನವರಿಗೆ, ಹೃದಯಪೂರ್ವಕ ಧನ್ಯವಾದ.

ನೇರಳೆ ಸೀರೆ 5 ಮೀಟರ್ 47 ಸೆಂಟಿಮೀಟರ್ ಇದೆ. ಭೂತಗನ್ನಡಿಯಲ್ಲಿ ಹೊಕ್ಕಿನ ಎಳೆಗಳು ಎರಡೂ ದಿಕ್ಕಿಗೆ ಹುರಿಗೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಕುಂಕುಮ ಬಣ್ಣದ್ದು 8 ಮೀಟರ್ 20! ಅಂಚಿನ ಹಿಂಬದಿಯಲ್ಲಿ ನೀವು ಹೇಳಿದಂತೆಯೇ ಹಸಿರು ಮತ್ತು ಕುಂಕುಮದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಜರಿಯ ಒಳಗೆ ಕೆಂಪು ಎಳೆ ಇದೆ. ಪಕ್ಕದ ಮನೆಯವರಿಂದ ಚೀಲವನ್ನು ಓದಿಸಿದೆ: ‘ಜವಳಿ ವ್ಯಾಪಾರ, ಕೊಳ್ಳೇಗಾಲ, ಕೊಯಮತ್ತೂರು ಜಿಲ್ಲೆ’. ಅಂಗಡಿಯ ಹೆಸರು ಅಳಿಸಿದೆ. ಅಜ್ಜಿಯ ತವರು ಕೊಳ್ಳೇಗಾಲದ ಹತ್ತಿರವೇ. ದೊಡ್ಡಮ್ಮನ ಬಳಿ ಅಜ್ಜಿಯ ಮದುವೆಯ ಕಪ್ಪುಬಿಳುಪು ಫೋಟೋ ಇತ್ತು. ಅದರಲ್ಲಿ ಅಜ್ಜಿ ಕಚ್ಚೆ ಹಾಕಿ ಉಟ್ಟಿದ್ದಾರೆ, ಅಂಚು ಗೇಣಗಲ ಇದೆ, ಅದರಲ್ಲಿ ರುದ್ರಾಕ್ಷಿಯ ಸಾಲು ಕಾಣುತ್ತದೆ. ಟ್ರಂಕಿನ ಕುಂಕುಮ ಬಣ್ಣದ ಸೀರೆಯಲ್ಲೂ ಅದೇ ಸಾಲು. ಫೋಟೋ ನೋಡಿದ ಮೇಲೆ ಚಿಕ್ಕಪ್ಪ ಮಾರುವ ಮಾತು ಎತ್ತಿಲ್ಲ.

ಕೋಟನ್ನು ಇನ್ನೂ ಬಿಚ್ಚಿ ನೋಡಿಲ್ಲ. ಅಸ್ತರು ಎಲ್ಲೂ ಬಿಟ್ಟಿಲ್ಲ, ಕತ್ತರಿ ಹಾಕಲು ಧೈರ್ಯ ಬರುತ್ತಿಲ್ಲ.

ಎಳೆ_ತುಂಬುವವಳು:

ಕತ್ತರಿ ಹಾಕಲೇಬೇಡಿ. ಕಾಜದ ಸಾಕ್ಷಿಯೇ ಸಾಕು.

ಎಂಟು ಮೀಟರ್ ಇಪ್ಪತ್ತು ಎಂದರೆ ಹದಿನೆಂಟು ಮೊಳ, ಒಂಬತ್ತು ಗಜ. ಕಚ್ಚೆ ಸೀರೆಯ ಸರಿಯಾದ ಅಳತೆ. ಚೀಲ ಬೇರೆ ಯಾವುದೋ ಬಟ್ಟೆಯ ಜೊತೆ ಬಂದದ್ದಿರಬಹುದು ಎಂಬ ಅನುಮಾನ ನನಗೆ ಇದ್ದೇ ಇತ್ತು, ಫೋಟೋ ಅದನ್ನು ನಿವಾರಿಸಿತು. ಹಾಗಾಗಿ ಮದುವೆಯ ಸೀರೆ ಕುಂಕುಮದ್ದು, 1949ರದ್ದು. ಕೊಂಡದ್ದು ಕೊಳ್ಳೇಗಾಲದಲ್ಲಿ. ನೇಯ್ದದ್ದೂ ಅಲ್ಲೇ ಇರಬಹುದು, ಆದರೆ ಅಂಗಡಿಯ ಚೀಲದಿಂದ ಮಗ್ಗದ ಊರನ್ನು ಹೇಳಲಾಗದು. ಸೀರೆಯನ್ನೇ ಕೈಯಲ್ಲಿ ಹಿಡಿದು ಸೆರಗು ನೋಡಿದರೆ ಇನ್ನಷ್ಟು ಹೇಳಬಲ್ಲೆ. ನೇರಳೆಯದು ಮೈಸೂರಿನ ಕ್ರೇಪ್, 1957ರ ನಂತರದ್ದು, ಬಹುಮಟ್ಟಿಗೆ 1962ರೊಳಗಿನದು. ಆ ವರ್ಷಗಳಲ್ಲಿ ಮನೆಯಲ್ಲಿ ಏನು ಶುಭ ನಡೆದಿತ್ತು ಎಂದು ದೊಡ್ಡಮ್ಮನನ್ನು ಕೇಳಿ, ಅವರಿಗೆ ನೆನಪಾಗುತ್ತದೆ.

ಇಂದೇ ಮಾಡಬೇಕಾದದ್ದು ಇಷ್ಟು. ಸೀರೆಗಳು ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಹೊರಗೆ ತೆಗೆಯಿರಿ. ಹಲವು ಸಲ ಒಗೆದು ಮೆತ್ತಗಾದ, ಗಂಜಿ ಹಾಕದ ಬಿಳಿ ಪಂಚೆಯಲ್ಲಿ ಸುತ್ತಿ. ಗಂಜಿ ಇದ್ದರೆ ಹುಳು ಬರುತ್ತದೆ. ಹಳೆಯ ಮಡಿಕೆಯ ಗೆರೆಯಲ್ಲೇ ಮತ್ತೆ ಮಡಿಸಬೇಡಿ. ಕುಂಕುಮದ್ದನ್ನು ಮಡಿಸುವುದೇ ಬೇಡ, ಅಗಲವಾದ ರಟ್ಟಿನ ಕೊಳವೆಗೆ ಪಂಚೆ ಸುತ್ತಿ ಅದರ ಮೇಲೆ ಸಡಿಲವಾಗಿ ಸುರುಳಿ ಸುತ್ತಿ. ರಬ್ಬರ್ ಬ್ಯಾಂಡ್ ಹಾಕಿದರೆ ಅದರಲ್ಲಿರುವ ಗಂಧಕಕ್ಕೆ ಬೆಳ್ಳಿ ಇನ್ನಷ್ಟು ಕಪ್ಪಾಗುತ್ತದೆ, ಹತ್ತಿಯ ಲಾಡಿ ಕಟ್ಟಿ. ನುಸಿಗುಳಿಗೆ ಇಡುವುದಾದರೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಬಿಲ್ಲನ್ನು ಸೀರೆಗೆ ಗುಂಡುಪಿನ್ನಿನಿಂದ ಚುಚ್ಚಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ. ಬೇರೆ ಲಕೋಟೆಯಲ್ಲಿ ಹಾಕಿ, ಚೀಲದ ಮತ್ತು ಫೋಟೋದ ಪ್ರತಿಯನ್ನೂ ಅದರೊಳಗಿಟ್ಟು, ಈಗ ತಿಳಿದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಸೇರಿಸಿ.

ಸೀಳಿನ ಚಿತ್ರವನ್ನು ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ಪಕ್ಕದಲ್ಲಿ ಸ್ಕೇಲ್ ಇರಲಿ. ಹಾಸು, ಎಂದರೆ ಉದ್ದಕ್ಕೆ ಹಾಯುವ ಎಳೆ, ಮಾತ್ರ ಹೋಗಿದೆಯೋ, ಹೊಕ್ಕೂ ಹೋಗಿದೆಯೋ ನೋಡಬೇಕು. ಹಾಸು ಮಾತ್ರವಾದರೆ ಹಿಂಬದಿಗೆ ತೆಳು ರೇಷ್ಮೆ ಕೊಟ್ಟು ಎಳೆ ಕೂರಿಸಬಹುದು. ಹೊಕ್ಕೂ ಹೋಗಿದ್ದರೆ ಅದೇ ಕುಂಕುಮಕ್ಕೆ ಹೊಂದುವ ನೂಲನ್ನು ಮೊದಲು ಹುಡುಕಬೇಕಾಗುತ್ತದೆ.